ತುಟಿಯ ಮೇಲಿನ ಮಬ್ಬು

೨೦೨೫ರ ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ, ಪರದೆಯ ಮೂಲೆಯ ಗಡಿಯಾರ ಹಾಗೆನ್ನುತ್ತದೆ, ಕೆಳಗಿನ ಟೇಲರ್ ಅಂಗಡಿಯ ಮಷೀನು ಒಂದು ಉದ್ದದ ಹೊಲಿಗೆ ಮುಗಿಸಿ ನಿಂತಿತು, ಅದು ನಿಂತಿರುವಾಗಲೇ ಕೇಳಿಬಿಡಬೇಕು ಎಂದು ಆರಿಫಾ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು — ಹದಿನೇಳನೆಯ ನಿಮಿಷ, ನಲವತ್ತೆರಡನೆಯ ಸೆಕೆಂಡು, ಪರದೆಯ ತುಂಬ ಅಬ್ಬಾನ ಮುಖ, ಗಡ್ಡದ ಬಿಳಿ, ಹಿಂದೆ ಇಳಕಲ್ಲಿನ ಮನೆಯ ಹಸಿರು ಗೋಡೆ, ತುಟಿ ಬಲಕ್ಕೆ ವಾಲಿತು, ಕೂಡಿತು, ತೆರೆಯಿತು. ನಿಲ್ಲಿಸಿದಳು. ಮಧ್ಯಾಹ್ನ ಒಂದು ಗಂಟೆಗೆ ಈ ಫೈಲು ಬೆಂಗಳೂರಿನ ಚಾನೆಲ್ಲಿಗೆ ತಲುಪಬೇಕು, ತಲುಪದಿದ್ದರೆ ಭಾನುವಾರ ಸಂಜೆ ಏಳೂವರೆಯ ಹೊತ್ತು ಇನ್ನಾವುದೋ ಕಾರ್ಯಕ್ರಮದ ಪಾಲು, ರಂಜನಾ ಎರಡು ವರ್ಷ ಕ್ಯಾಮೆರಾ ಹೊತ್ತು ತೆಗೆದ ಐವತ್ತೆರಡು ನಿಮಿಷದ ಸಾಕ್ಷ್ಯಚಿತ್ರ, ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಗಳಲ್ಲಿ ಡ್ರಿಲ್ಲು ಹಿಡಿದು ಹಿಡಿದು ಕಿವಿ ಕಳೆದುಕೊಂಡ ಎಂಟು ಮಂದಿಯ ಚಿತ್ರ, ಎಂಟರಲ್ಲಿ ಒಬ್ಬರು ಖಾಸಿಂಸಾಬ, ಅವಳ ಅಬ್ಬಾ, ಅದರ ಧ್ವನಿಯ ಕೆಲಸ ಅವಳದು, ನವನಗರದ ಈ ಮೊದಲ ಮಹಡಿಯ ಕೋಣೆಯಲ್ಲಿ, ಗೋಡೆಗೆಲ್ಲ ಸ್ಪಂಜು, ಇರುವ ಒಂದು ಕಿಟಕಿಗೂ ಕಂಬಳಿ. ಪ್ರಸಾರಕ್ಕೆ ಮೊದಲು ಎಲ್ಲವನ್ನೂ ನೋಡಿ ಒಪ್ಪಿಗೆ ಕೊಡುವುದು ಚಾನೆಲ್ಲಿನ ವಿಕ್ರಮ ಎಂಬವರ ಕೆಲಸ, ಅವರು ನಿನ್ನೆ ಪಟ್ಟಿ ಕಳಿಸಿದ್ದಾರೆ, ಅಸಭ್ಯ ಪದ ಆರು ಕಡೆ, ಆರೂ ಕಡೆ ಪದದ ಮೇಲೆ ಬೀಪ್, ಬಾಯಿಯ ಮೇಲೆ ಮಬ್ಬು, ಐದು ಮುಗಿದಿವೆ, ಇದು ಆರನೆಯದು, ಎರಡು ತಾಸು ಇಪ್ಪತ್ತು ನಿಮಿಷ ಉಳಿದಿದೆ.

ಬೀಪ್ ಎಂದರೆ ಸಾವಿರ ಹರ್ಟ್ಝಿನ ಒಂದು ಶುದ್ಧ ಸ್ವರ, ಅದರೊಳಗೆ ಏನೂ ಇಲ್ಲ, ಏರಿಲ್ಲ, ಇಳಿತವಿಲ್ಲ, ಹುನಗುಂದದ ಕಾಲೇಜಿನಲ್ಲಿ ಪಂಢರೀನಾಥ ಸರ್ ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ಬಡಿದು ಅವಳ ಕಿವಿಯ ಹತ್ತಿರ ಹಿಡಿದಿದ್ದರು, ಕೇಳವಾ, ಇಷ್ಟು ಸಾಚಾ ಸದ್ದು ಲೋಕದಾಗ ಎಲ್ಲೂ ಸಿಗೂದಿಲ್ಲ, ಇದರಾಗ ಒಂದು ಸುಳ್ಳಿಲ್ಲ — ಸರ್ ಹೇಳಿದ್ದು ಖರೆ, ಭೌತಶಾಸ್ತ್ರದ ಮಟ್ಟಿಗೆ ಖರೆ, ಆದರೆ ಕೇಳುವವನ ತಲೆ ಖಾಲಿ ಜಾಗವನ್ನು ಖಾಲಿ ಬಿಡುವುದಿಲ್ಲ, ತನಗೆ ಗೊತ್ತಿರುವ ಎಲ್ಲಕ್ಕಿಂತ ಹೊಲಸು ಮಾತನ್ನು ತಂದು ಅಲ್ಲಿ ಕೂರಿಸುತ್ತದೆ. ವಿಕ್ರಮರ ಪಟ್ಟಿಯ ಎರಡನೆಯ ಗುರುತು ಬೋರವ್ವನದು, ಕ್ವಾರಿಗೆ ಚಹಾ ತರುವ ಎಪ್ಪತ್ತರ ಹೆಂಗಸು, ಅವಳಿಗೆ ಎಲ್ಲ ಗಂಡಸರೂ ಭಾಡ್ಯಾನೇ, ಬೈಗುಳವೇ ಅವಳ ಮುದ್ದು, ತಗೋಳೋ ಭಾಡ್ಯಾ, ಬಿಸಿ ಐತಿ, ಬಾಯಿ ಸುಟ್ಟುಕೊಂಡಿ, ಎನ್ನುತ್ತ ಕಪ್ಪನ್ನು ಸೆರಗಿನಿಂದ ಒರೆಸಿ ಕೊಡುತ್ತಾಳೆ, ಅದಕ್ಕೆ ಬೀಪ್ ಹಾಕಿ ಬಾಯಿಗೆ ಮಬ್ಬು ಬಳಿದು ನೋಡಿದಾಗ ರಂಜನಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಅಯ್ಯ ಆರಿಫಾ, ಬೋರವ್ವ ಚಹಾ ಕೊಟ್ಟಾಳೋ ಇಲ್ಲಾ ಮತ್ತೇನರ ಕೊಟ್ಟಾಳೋ, ನೋಡಿದ ಮಂದಿ ಪೊಲೀಸರಿಗೆ ಫೋನ್ ಹಚ್ತಾರ ತಗೋ. ನಕ್ಕರು, ಹಾಕಿದರು, ಮುಂದೆ ಹೋದರು. ಆರನೆಯದರಲ್ಲಿ ನಗುವಂಥದ್ದು ಇಲ್ಲ. ಅಬ್ಬಾ ಹೇಳುವುದು ಇಷ್ಟು, ಈ ಕಿವಡ ಸೂಳಿಮಗ ಸತ್ರ ಏನಾತು, ದಿನಕ್ಕ ನಾಕು ತೂತು ಕಡಿಮಿ ಬೀಳ್ತಾವ, ಅಷ್ಟ — ಅಷ್ಟೇ, ಮುಂದೆ ಒಂದು ಮಾತಿಲ್ಲ, ಕ್ಯಾಮೆರಾದ ಕಣ್ಣೊಳಗೆ ಕಣ್ಣಿಟ್ಟು ಕೂತಿರುತ್ತಾರೆ, ಹೀಗಂದ ಎಂದೂ ಹೇಳುವುದಿಲ್ಲ, ಯಾರು ಅಂದ ಎಂದೂ ಹೇಳುವುದಿಲ್ಲ.

ಕ್ವಾರಿಯವರು ಹೇಳುವುದೇ ಹಾಗೆ, ಹತ್ತು ತಾಸು ಕಂಪ್ರೆಸರಿನ ಪಕ್ಕ ನಿಂತವರಿಗೆ ಮಾತೆಂದರೆ ತುಟಿ ಮತ್ತು ಕೈ, ಯಾರ ಮಾತು ಎಂದು ತೋರಿಸಬೇಕಾದರೆ ಅವರ ಬಾಯಿಯನ್ನೇ ತಮ್ಮ ಮುಖಕ್ಕೆ ಹಾಕಿಕೊಳ್ಳುತ್ತಾರೆ, ಮಾಲೀಕನದಾದರೆ ಮೇಲ್ದುಟಿ ಬಿಗಿದು, ಬೋರವ್ವನದಾದರೆ ಹಲ್ಲಿಲ್ಲದವಳ ಹಾಗೆ ಒಳಗೆಳೆದು, ಕೆಲಸಗಾರರ ಮೇಲ್ವಿಚಾರಣೆಯ ಮುಕಾದಮ ಯಾಕೂಬಸಾಬನದಾದರೆ ಬಲಕ್ಕೆ ವಾಲಿಸಿ, ಯಾಕೆಂದರೆ ಯಾಕೂಬಸಾಬನ ಎಡದವಡೆಯಲ್ಲಿ ಮೂವತ್ತು ವರ್ಷದಿಂದ ಎಲೆಯಡಿಕೆಯ ಉಂಡೆ ಕೂತಿದೆ, ಅವನು ಮಾತಾಡಿದರೆ ತುಟಿ ಬಲಕ್ಕೇ ಓಡುತ್ತದೆ, ಇಳಕಲ್ಲಿನಲ್ಲಿ ಆ ಬಾಯಿಯನ್ನು ತಿಳಿಯದವರಿಲ್ಲ. ಅಬ್ಬಾನ ತುಟಿ ಆ ಒಂದು ವಾಕ್ಯದುದ್ದಕ್ಕೂ ಬಲಕ್ಕಿದೆ. ಮಬ್ಬು ಬಳಿದರೆ ಅದು ಹೋಯಿತು, ಉಳಿಯುವುದು ಕೆಂಪಾದ ಎರಡು ಕಣ್ಣು, ಒಂದು ಬೀಪ್, ನೋಡಿದವರು ಅನ್ನುವುದೇನು, ನೋಡು ಖಾಸಿಂಸಾಬನ ಬಾಯಿ, ಮುದುಕ ಆದ್ರೂ ಹೊಲಸು ಬಿಟ್ಟಿಲ್ಲ, ಯಾಕೂಬಸಾಬ ಆರು ವರ್ಷದಿಂದ ಹೇಳಿಕೊಂಡು ಬಂದಿರುವುದೂ ಅದನ್ನೇ, ಅದಕ್ಕೆ ಇನ್ನು ಚಾನೆಲ್ಲಿನ ಮುದ್ರೆ ಬೀಳುತ್ತದೆ.

ಆರು ವರ್ಷ, ೨೦೧೯ರ ಮಾರ್ಚು, ಎಲ್ಲರೂ ಕಣ್ಣಾರೆ ಕಂಡದ್ದು ಇಷ್ಟು — ಅಬ್ಬಾ ಡ್ರಿಲ್ಲನ್ನು ಕೆಳಗಿಟ್ಟರು, ಹನ್ನೆರಡು ಮೀಟರು ನಡೆದು ಹೋದರು, ಇನ್ನೊಬ್ಬನ ಜೊತೆ ಮಾತಾಡುತ್ತ ನಿಂತಿದ್ದ ಯಾಕೂಬಸಾಬನ ಅಂಗಿ ಹಿಡಿದು ಕೆನ್ನೆಗೆ ಹೊಡೆದರು. ಆ ಶುಕ್ರವಾರ ನಮಾಜು ಮುಗಿಸಿ ಜಮಾತಿನ ಹಿರಿಯರು ಅಬ್ಬಾನ ಮನೆಯ ಪಡಸಾಲೆಯಲ್ಲೇ ಕೂತರು, ಯಾಕೂಬಸಾಬ ಬಾಯಿ ಬಲಕ್ಕೆ ಮಾಡಿಕೊಂಡು, ನಾ ಏನೂ ಅಂದಿಲ್ರಿ, ಅಂದಿದ್ರೂ ಅವಗ ಕೇಳಾಕ ಕಿವಿ ಎಲ್ಲಿ ಅದಾವು, ಎಂದ, ಇಬ್ಬರು ಮೂವರು ನಕ್ಕರು, ಹಿರಿಯರು, ಹೇಳೋ ಖಾಸಿಂ, ಇಂವ ಏನಂದ ಅದನ್ನರ ಹೇಳು, ಎಂದರು. ಅಬ್ಬಾ ಅಡಿಗೆಮನೆಯ ಬಾಗಿಲ ಕಡೆ ನೋಡಿದರು, ಅಲ್ಲಿ ದಾದಿ, ಅಬ್ಬಾನ ತಾಯಿ, ರೊಟ್ಟಿ ಬಡಿಯುತ್ತ ಕೂತಿದ್ದಳು, ಎಂಬತ್ತು ದಾಟಿದವಳು, ಕಿವಿ ಮಾತ್ರ ಚುರುಕು, ಹಿಂದೊಂದು ಕಾಲದಲ್ಲಿ ಕ್ವಾರಿಗೆ ಬುತ್ತಿ ಹೊತ್ತು ಹೋಗುತ್ತಿದ್ದವಳು, ಯಾಕೂಬಸಾಬ ಅದೇ ಬುತ್ತಿಯ ರೊಟ್ಟಿ ಎಷ್ಟು ಸಲ ಮುರಿದು ತಿಂದಿದ್ದನೋ. ಅಬ್ಬಾ ಬಾಗಿಲಿನಿಂದ ಕಣ್ಣು ತೆಗೆದು ಇಲ್ಲ ಎಂದು ತಲೆಯಾಡಿಸಿದರು, ಯಾಕೂಬಸಾಬನ ಎರಡೂ ಕೈ ಹಿಡಿದು, ತಪ್ಪಾತು, ಎಂದರು. ಮುಗಿಯಿತು, ಕೆಲಸ ಹೋಯಿತು, ಮದುವೆ ಮನೆಗಳಲ್ಲಿ ಅವರ ಪಕ್ಕದ ತಟ್ಟೆ ಖಾಲಿ ಉಳಿಯತೊಡಗಿತು, ಆರಿಫಾಳ ತಂಗಿ ಫರಹಾನಾಳ ಸಂಬಂಧ ಎರಡು ಸಲ ಮುರಿದು ಮೂರನೆಯ ಸಲಕ್ಕೆ ಕೂಡಿತು, ಹುಡುಗಿ ಒಳ್ಳೇಕಿ, ಅಪ್ಪ ಮಾತ್ರ ಕಾರಣ ಇಲ್ದ ಕೈ ಮಾಡಾಂವ, ಎನ್ನುತ್ತಿದ್ದರು ನೋಡಲು ಬಂದವರು. ದಾದಿ ಹೋದ ಆಗಸ್ಟಿನಲ್ಲಿ ತೀರಿಕೊಂಡಳು, ರಂಜನಾ ನವೆಂಬರಿನಲ್ಲಿ ಕ್ಯಾಮೆರಾ ತಗೊಂಡು ಹೋದಳು, ಆರಿಫಾ ಜೊತೆಗೆ ಹೋಗಿರಲಿಲ್ಲ, ಪಟ್ಟದಕಲ್ಲಿನಲ್ಲಿ ಬೇರೆ ಕೆಲಸ ಇತ್ತು, ಹಾಗಾಗಿ ಅಬ್ಬಾ ಬಾಯಿ ಬಿಟ್ಟದ್ದು ಮೊನ್ನೆ ಶನಿವಾರದವರೆಗೆ ಅವಳಿಗೆ ಗೊತ್ತೇ ಇರಲಿಲ್ಲ, ಹೆಡ್‌ಫೋನಿನಲ್ಲಿ ಕೇಳಿ ಗೊತ್ತಾದದ್ದು. ತಾಯಿ ಬದುಕಿರುವ ತನಕ ತಾಯಿಯ ಮನೆಯಲ್ಲಿ ಆಡಬಾರದ ಮಾತು, ಆದ್ದರಿಂದ ಐದು ವರ್ಷ ಆಡಲಿಲ್ಲ — ಇದರಲ್ಲಿ ಬಿಡಿಸುವಂಥದ್ದು ಏನೂ ಇಲ್ಲ, ನೇರ ಇದೆ, ನೇರ ಇದ್ದದ್ದೇ ಅವಳಿಗೆ ಕಾಣಲಿಲ್ಲ.

ಕಾಣಲಿಲ್ಲ ಎಂದರೆ, ಲೆಕ್ಕ ಹಾಕಿದ್ದಳು. ಇದನ್ನು ಶನಿವಾರದಿಂದ ನೆನೆಯಬಾರದು ಎಂದುಕೊಂಡೇ ನೆನೆಯುತ್ತಿದ್ದಾಳೆ, ಹಿರಿಯರು ಎದ್ದು ಹೋದ ಮೇಲೆ ಅಮ್ಮಿ ಅವಳನ್ನು ಕೇಳಿದ್ದು, ಅಮ್ಮಿ ಅಲೀಮಾ, ಸಾಲಿ ಕಂಡವರಲ್ಲ, ಮಗಳ ಎಂ.ಎಸ್‌ಸಿ. ಮೇಲೆ ಕುರಾನಿನಷ್ಟು ನಂಬಿಕೆ ಇಟ್ಟವರು, ನೀ ಕಲ್ತಾಕಿ, ನೀ ಹೇಳು ಬೇಟಾ, ಇವರಿಗೆ ಕೇಳಿಸಿರಬಹುದೇನ? ಆಗ ಅವಳು ಪಿಯು ಕಾಲೇಜಿನಲ್ಲಿ ಧ್ವನಿಯ ಪಾಠವನ್ನೇ ಮಾಡುತ್ತಿದ್ದಳು, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಳು, ಸಾಧಾರಣ ಮಾತು ಒಂದು ಮೀಟರಿನಲ್ಲಿ ಅರವತ್ತು ಡೆಸಿಬೆಲ್, ಹನ್ನೆರಡು ಮೀಟರಿಗೆ ಮೂವತ್ತೆಂಟು, ಡ್ರಿಲ್ಲು ಹಿಡಿದವನ ಕಿವಿಯಲ್ಲಿ ಡ್ರಿಲ್ಲಿನ ಸದ್ದು ನೂರಾ ಐದು, ಅದರ ಮೇಲೆ ಅಬ್ಬಾನ ಕಿವಿ ಮೊದಲೇ ಹೋದದ್ದು — ಇಲ್ಲಮ್ಮಿ, ಕೇಳಿಸಾಕ ಸಾಧ್ಯಾನ ಇಲ್ಲ, ಅಬ್ಬಾ ತಾವ ಏನೋ ತಿಳ್ಕೊಂಡು ಕೈ ಮಾಡ್ಯಾರ. ಲೆಕ್ಕದಲ್ಲಿ ಒಂದು ಅಂಕೆಯೂ ತಪ್ಪಿರಲಿಲ್ಲ, ಇವತ್ತಿಗೂ ತಪ್ಪಿಲ್ಲ. ಅಬ್ಬಾ ಎದುರಿಗೇ ಕೂತಿದ್ದರು, ಅವಳ ಮುಖವನ್ನೇ ನೋಡುತ್ತಿದ್ದರು, ಚಿಕ್ಕಂದಿನಿಂದಲೂ ಹಾಗೇ, ಅವಳು ಬಾಯಿ ತೆರೆದರೆ ಸಾಕು ಅಬ್ಬಾನ ಕಣ್ಣು ಮುಖಕ್ಕೆ ಅಂಟಿಕೊಳ್ಳುತ್ತಿತ್ತು, ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು, ಪ್ರೀತಿಯೂ ಇದ್ದೀತು, ಆದರೆ ಅವರು ಓದುತ್ತಿದ್ದರು, ತುಟಿಯನ್ನು ಓದುತ್ತಿದ್ದರು, ಸಾಧ್ಯಾನ ಇಲ್ಲ ಎಂಬುದನ್ನೂ ಓದಿದರು, ಎದ್ದು ಹೋಗಿ ಹಿತ್ತಲ ನಳದಲ್ಲಿ ಮುಖ ತೊಳೆದರು. ಯಾಕೂಬಸಾಬನ ಮಾತು ಅವರಿಗೆ ಕೇಳಿಸಲಿಲ್ಲ, ಕಂಡಿತು, ಕಿವುಡ ಎಂದು ಯಾಕೂಬಸಾಬ ಮುಖ ತಿರುಗಿಸದೆ ಆಡಿದ್ದ, ಅವನು ಮಾಡಿದ ತಪ್ಪೂ ಆರಿಫಾಳ ತಪ್ಪೂ ಒಂದೇ, ಇಬ್ಬರೂ ಸದ್ದನ್ನಷ್ಟೇ ಅಳೆದರು, ಬೆಳಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹನ್ನೊಂದು ಐದು. ವಿಕ್ರಮರಿಗೆ ಫೋನು, ಮೂರನೆಯ ಸಲಕ್ಕೆ ಎತ್ತಿದರು, ಹಿಂದೆ ಯಾರೋ ನಗುತ್ತಿದ್ದಾರೆ, ಮೇಡಂ ಹೇಳಿ, ಫೈಲ್ ಬಂತಾ — ಬರ್ತದ್ರಿ, ಒಂದು ವಿಷಯ ಕೇಳಬೇಕಿತ್ತು, ಆರನೇದ್ದು, ಆ ಬೈಗುಳ ಅವರದಲ್ರೀ, ಅವರಿಗೆ ಬೈದದ್ದು, ಧ್ವನಿ ತೆಗೀತೇನಿ, ತುಟಿ ಹಂಗ ಬಿಡ್ರಿ. ವಿಕ್ರಮ ಒಳ್ಳೆಯವರು, ಗಂಟಲು ಸರಿಮಾಡಿಕೊಂಡರು, ನನಗೆ ಅರ್ಥ ಆಗುತ್ತೆ ಮೇಡಂ, ನಾನೂ ನೋಡ್ದೆ, ತುಂಬಾ ಸೀರಿಯಸ್ಸಾದ ಕೆಲಸ, ಆದ್ರೆ ಏಳೂವರೆ ಅಂದ್ರೆ ಮನೇಲಿ ಮಕ್ಳು ಮರಿ ಎಲ್ಲಾ ಕೂತ್ಕೊಂಡಿರ್ತಾರೆ, ಒಂದು ದೂರು ಬಂದ್ರೂ ಉತ್ತರ ಕೊಡೋನು ನಾನೇ ಅಲ್ವಾ, ಬೇಕಾದ್ರೆ ರಾತ್ರಿ ಹನ್ನೊಂದೂವರೆ ಸ್ಲಾಟ್ ಕೇಳಿ ನೋಡ್ತೀನಿ. ಹನ್ನೊಂದೂವರೆಗೆ ಇಳಕಲ್ಲಿನಲ್ಲಿ ನೋಡುವವರು ಯಾರು, ಬೆಳಗಿನ ಆರಕ್ಕೆ ಕ್ವಾರಿ ಹತ್ತುವವರು, ಜಮಾತಿನ ಹಿರಿಯರು ರಾತ್ರಿಯ ಇಶಾ ನಮಾಜು ಮುಗಿಸಿ ಮಲಗಿರುತ್ತಾರೆ. ನಿಯಮ ಏನಂತದ ಓದ್ರಿ ಸರ್, ಪೂರ್ತಿ ಓದ್ರಿ, ಎಂದಳು, ಅವರು ಓದಿದರು, ಪುಸ್ತಕದ ದನಿಯಲ್ಲಿ, ಪದವು ಕೇಳಿಸತಕ್ಕದ್ದಲ್ಲ, ತುಟಿಚಲನೆಯಿಂದ ಪದವನ್ನು ಗುರುತಿಸಲು ಸಾಧ್ಯವಿದ್ದಲ್ಲಿ ಬಾಯಿಯನ್ನು ಮಸುಕುಗೊಳಿಸತಕ್ಕದ್ದು. ಸಾಧ್ಯವಿದ್ದಲ್ಲಿ. ಆ ಒಂದು ಪದದೊಳಗೆ ಒಂದು ಸಂದು ಕಂಡಿತು, ಯಾರಿಗೆ ಸಾಧ್ಯವಿದ್ದಲ್ಲಿ ಎಂದು ಬರೆದವರು ಬರೆದಿಲ್ಲ, ಸರ್, ಅರ್ಧ ತಾಸು ಕೊಡ್ರಿ, ಒಂದು ತುಣುಕು ಕಳಸ್ತೇನಿ.

ಆದರೆ ಮೊದಲು ಇಳಕಲ್ಲಿಗೆ, ಕೇಳದೆ ಮಾಡಬಾರದು, ಒಮ್ಮೆ ಕೇಳದೆ ಲೆಕ್ಕ ಹಾಕಿದ್ದು ಸಾಕು. ವಿಡಿಯೋ ಕಾಲಿನಲ್ಲಿ ಅಮ್ಮಿಯ ಹಣೆ ಮಾತ್ರ ಬಂತು, ಏನ ಬೇಟಾ ಈ ಹೊತ್ತಿನಾಗ, ನಾಷ್ಟಾ ಮಾಡಿದಿ ಏನ, ಅಬ್ಬಾಗ ಕೊಡ್ರಿ ಅಮ್ಮಿ, ಅವರಿಗೆ ಫೋನ್ ಕೊಟ್ಟು ಏನ್ ಮಾಡ್ತಿ, ಕೇಳಸ್ತೈತೇನ ಅವರಿಗೆ, ನನಗ ಹೇಳು, ನಾ ಒದರಿ ಹೇಳ್ತೇನಿ. ಹೇಳಿದಳು. ಅಮ್ಮಿಯ ಹಣೆ ಗಂಟಾಯಿತು, ಪೀ ಅಂತ ಹಾಕಿಬಿಡವಾ, ತುಟಿಯೂ ಮುಚ್ಚು, ಆ ಮಾತು ಮತ್ತ ಯಾಕ ಬೇಕು ಮನಿಗೆ, ಫರಹಾನಾನ ಅತ್ತಿಮನಿಯವರು ಸಾಲಾಗಿ ಕೂತು ನೋಡ್ತಾರ, ಚಾನೆಲ್ಲಿನವರ ಬ್ಯಾಡ ಅಂದಮ್ಯಾಲ ನಿಂದೇನ ನಡುವ. ಅಷ್ಟರಲ್ಲಿ ಚಿತ್ರ ತಿರುಗಿತು, ಚಾವಣಿ, ಹಸಿರು ಗೋಡೆ, ಅಬ್ಬಾ, ಹೆಂಡತಿಯ ಮುಖ ನೋಡಿಯೇ ವಿಷಯ ತಿಳಿದಿದ್ದರು, ಫೋನನ್ನು ಒಂದು ಕೈ ದೂರದಲ್ಲಿ ನೆಟ್ಟಗೆ ಹಿಡಿದರು, ಅವರೊಬ್ಬರೇ ಮನೆಯಲ್ಲಿ ಫೋನನ್ನು ಹಾಗೆ ಹಿಡಿಯುವವರು, ಎದುರಿನವರ ಪೂರ್ತಿ ಮುಖ ಬೇಕು ಅವರಿಗೆ. ಆರಿಫಾ ನಿಧಾನವಾಗಿ ಹೇಳಿದಳು, ಆವಾಜ್ ತಗೀಬೇಕಂತ, ತುಟಿ ಮುಚ್ಚಬೇಕಂತ. ಅಬ್ಬಾ, ತಮ್ಮ ದನಿ ಎಷ್ಟು ಏರಿದೆ ಎಂದು ಗೊತ್ತಾಗದ ಆ ಎತ್ತರದ ದನಿಯಲ್ಲಿ, ಆವಾಜ್ ಹೋದ್ರ ಹೋಗ್ಲಿ ಬೇಟಾ, ಅದು ನನಗ ಆವತ್ತೂ ಕೇಳಿಸಿದ್ದಲ್ಲ, ತುಟಿ ಮುಚ್ಚಬ್ಯಾಡ, ತುಟಿ ಮುಚ್ಚಿದ್ರ ಆ ಮಾತು ಅವಂದು ಅನ್ನೂದು ಹೋಗಿ ನಂದ ಆಗ್ತೈತಿ, ನಮ್ಮ ತಾಯಿಗೆ ನಾನ ಅಂದಂಗ ಆಗ್ತೈತಿ. ಹಿಂದಿನಿಂದ ಅಮ್ಮಿ, ಅಯ್ಯ ಮೆಲ್ಲಕ ಮಾತಾಡ್ರಿ, ಓಣಿ ಎಲ್ಲಾ ಕೇಳ್ತೈತಿ. ಕೇಳ್ಲಿ ಬಿಡು, ಎಂದರು ಅಬ್ಬಾ. ಆಗ ಆರಿಫಾ ಬಾಯಿ ತೆರೆದಳು, ದನಿ ಹೊರಡಿಸಲಿಲ್ಲ, ಅಮ್ಮಿ ಕೇಳುವುದು ಬೇಡ, ತುಟಿಯಷ್ಟನ್ನೇ ಆಡಿಸಿದಳು, ಅಬ್ಬಾ, ಮಾಫ್ ಮಾಡ್ರಿ, ನನ್ನ ಲೆಕ್ಕ ತಪ್ಪಿತ್ತು. ಅಬ್ಬಾನ ಮುಖದಲ್ಲಿ ಏನೂ ಅಲುಗಲಿಲ್ಲ, ಅಮ್ಮಿಯ ಕೈ ಬಂತು, ಫೋನು ಕಸಿದುಕೊಂಡಿತು, ಏನಂದಿ, ಆವಾಜ್ ಬರವಲ್ದು, ಹಲೋ, ಏ ಇದರ ನೆಟ್‌ವರ್ಕಿಗೆ ಏನ್ ಬಡೀತೋ, ಹಲೋ — ಕಾಲ್ ಕಟ್ಟಾಯಿತು. ಓದಿದರೋ ಇಲ್ಲವೋ. ಮತ್ತೆ ಹಚ್ಚಿ ಕೇಳುವ ಮಾತಲ್ಲ ಅದು, ಗಡಿಯಾರದಲ್ಲಿ ಹನ್ನೊಂದು ಮೂವತ್ತೊಂದು.

ಕೆಲಸ ಸಣ್ಣದು, ಬೀಪ್ ಹಾಕಲಿಲ್ಲ, ರಂಜನಾ ಕ್ವಾರಿಯಲ್ಲಿ ಹಿಡಿದು ತಂದ ಡ್ರಿಲ್ಲಿನ ಸದ್ದು ಇತ್ತು, ಕಂಪ್ರೆಸರಿನ ಗುಡುಗು ಅದರಡಿಗೆ, ಅದನ್ನೇ ಆ ಪದದ ಮೇಲೆ ಹಾಸಿದಳು, ಪದದ ಅಂಚಿನಿಂದ ಅಂಚಿಗೆ, ಮುಂದಕ್ಕೂ ಹಿಂದಕ್ಕೂ ಒಂದು ಫ್ರೇಮು ಹೆಚ್ಚು ಕಡಿಮೆ ಇಲ್ಲ, ಈ ಕಿವಡ ಎಂದು ಕೇಳಿಸುತ್ತದೆ, ಡ್ರಿಲ್ಲು ನುಗ್ಗುತ್ತದೆ, ತುಟಿ ತನ್ನ ಪಾಡಿಗೆ ಬಲಕ್ಕೆ ವಾಲಿ ಕೂಡಿ ತೆರೆಯುತ್ತದೆ, ಸತ್ರ ಏನಾತು ಎಂದು ಮತ್ತೆ ದನಿ. ಅಂದು ಅಬ್ಬಾ ಇದ್ದದ್ದು ಹೀಗೆಯೇ, ಸದ್ದಿನ ಒಳಗೆ, ತುಟಿಯ ಎದುರಿಗೆ. ತುಣುಕನ್ನು ವಿಕ್ರಮರಿಗೆ ಕಳಿಸಿ ಬರೆದಳು, ನಿಮಗೆ ಪದ ಮೊದಲೇ ಗೊತ್ತಿದೆ, ಗೊತ್ತಿಲ್ಲದವರಿಗೆ ತೋರಿಸಿ ಕೇಳಿ. ಹನ್ನೆರಡು ದಾಟಿತು, ಕೆಳಗಿನ ಟೇಲರ್ ರೇಡಿಯೋ ಹಚ್ಚಿದ, ಆರಿಸಿದ, ನೀರು ಕುಡಿದಳು, ಹನ್ನೆರಡೂಕಾಲು, ರಂಜನಾಳ ಮೆಸೇಜು, ಏನಾತು, ಹನ್ನೆರಡು ಮೂವತ್ತನಾಲ್ಕಕ್ಕೆ ವಿಕ್ರಮರ ಫೋನು. ಮೇಡಂ, ನಮ್ಮ ಆಫೀಸಲ್ಲಿ ಐದು ಜನಕ್ಕೆ ತೋರಿಸ್ದೆ, ಯಾರಿಗೂ ಗೊತ್ತಾಗ್ಲಿಲ್ಲ, ಎರಡೆರಡು ಸಲ ನೋಡಿದ್ರು, ಒಬ್ರು ಮಾತ್ರ, ಪಾಪ ಇವ್ರ ಬಾಯಿ ಯಾಕೆ ಸೊಟ್ಟ ಹೋಗುತ್ತೆ, ಲಕ್ವ ಏನಾದ್ರೂ ಹೊಡ್ದಿತ್ತಾ ಅಂತ ಕೇಳಿದ್ರು. ಇಲ್ರಿ, ಎಂದಳು ಆರಿಫಾ, ಅದು ಅವರ ಬಾಯಲ್ಲ. ವಿಕ್ರಮರಿಗೆ ಅರ್ಥವಾಗಲಿಲ್ಲ, ಸರಿ, ನಿಯಮದ ಪ್ರಕಾರ ಮಬ್ಬು ಬೇಕಿಲ್ಲ ಅಂತ ಬರ್ಕೊಳ್ತೀನಿ, ಕಳಿಸಿಬಿಡಿ. ಬೆಂಗಳೂರಿನ ಐದು ಜನಕ್ಕೆ ಸಾಧ್ಯವಿಲ್ಲ, ಸರಿ, ಭಾನುವಾರ ಏಳೂಮುಕ್ಕಾಲರ ಸುಮಾರಿಗೆ ಇಳಕಲ್ಲಿನಲ್ಲಿ ಡ್ರಿಲ್ಲು ಹಿಡಿದವರ ಮನೆಮನೆಯಲ್ಲಿ ಸಾಧ್ಯವಾಗುತ್ತದೆ, ಟಿವಿಯ ಸದ್ದು ಬೇಕೂ ಇಲ್ಲ ಅವರಿಗೆ, ಅವರು ಓದಿ, ಪಕ್ಕದಲ್ಲಿ ಕೂತವರಿಗೆ ಹೇಳುತ್ತಾರೆ, ಯಾಕೂಬಸಾಬನೂ ತನ್ನ ಬಾಯಿಯನ್ನು ಖಾಸಿಂಸಾಬನ ಮುಖದ ಮೇಲೆ ನೋಡುತ್ತಾನೆ, ಆಮೇಲೆ ಹಿರಿಯರು ಏನಾದರೂ ಅನ್ನಲಿ, ಅನ್ನದಿರಲಿ.

ಹನ್ನೆರಡು ಐವತ್ತೊಂದಕ್ಕೆ ಫೈಲು ಹೋಯಿತು, ತಲುಪಿದೆ ಎಂದು ಪರದೆ ಹೇಳಿತು, ಇನ್ನು ಏಳಬಹುದು, ಊಟದ ಹೊತ್ತು, ಏಳಲಿಲ್ಲ, ಹದಿನೇಳನೆಯ ನಿಮಿಷಕ್ಕೆ ಮರಳಿ ಒಂದೊಂದೇ ಫ್ರೇಮು ಸರಿಸುತ್ತಾಳೆ, ಸೆಕೆಂಡಿಗೆ ಇಪ್ಪತ್ತೈದು, ಒಂದೊಂದಕ್ಕೆ ನಲವತ್ತು ಮಿಲಿಸೆಕೆಂಡು, ಸದ್ದು ಬಂದ್ ಮಾಡಿದ್ದಾಳೆ, ತುಟಿ ದುಂಡಗಾಗುತ್ತದೆ, ಅಗಲವಾಗುತ್ತದೆ, ಬಲಕ್ಕೆ ವಾಲಿಕೊಂಡೇ ಕೂಡುತ್ತದೆ — ಇಲ್ಲೇ, ಇದನ್ನು ಹಿಡಿದವನಿಗೆ ಪದ ಸಿಕ್ಕಿತು, ತಪ್ಪಿದವನಿಗೆ ಇಲ್ಲ, ಅಬ್ಬಾ ಇದನ್ನು ಹನ್ನೆರಡು ಮೀಟರಿನಿಂದ ಹಿಡಿದರು, ಧೂಳಿನಲ್ಲಿ, ಕೈಯಲ್ಲಿ ಡ್ರಿಲ್ಲು ಅದುರುತ್ತಿರುವಾಗ. ಇವತ್ತು ಅವಳ ತುಟಿ ಇದ್ದದ್ದು ಒಂದು ಕೈ ದೂರ, ಹಗಲು ಬೆಳಕು, ಮೂರು ಸೆಕೆಂಡಿಗೆ ಕಡಿಮೆಯಿಲ್ಲ, ಓದಿರುತ್ತಾರೆ, ಸಾಧ್ಯಾನ ಇಲ್ಲ ಎಂಬುದನ್ನು ಓದಿದವರು ಮಾಫ್ ಮಾಡ್ರಿ ಎಂಬುದನ್ನೂ ಓದಿರುತ್ತಾರೆ, ಓದಿಯೇ ಇರುತ್ತಾರೆ — ಒಂದು ಫ್ರೇಮು ಹಿಂದೆ ಹೋದಳು, ತುಟಿ ತೆರೆದಿದೆ, ಒಂದು ಮುಂದೆ, ಕೂಡಿದೆ, ಇನ್ನೊಂದು, ಕೂಡಿದೆ, ಇನ್ನೊಂದು, ತೆರೆದಿದೆ, ಮತ್ತೆ ಹಿಂದೆ, ಬಲಕ್ಕೆ ವಾಲಿ ಕೂಡಿದ ತುಟಿ, ಕೂಡಿದ ತುಟಿ, ಎರಡು ಫ್ರೇಮು, ಎಂಬತ್ತು ಮಿಲಿಸೆಕೆಂಡು.